ಮುಂದೆ ಬಂದವನ್ನು ಬಿಟ್ಟುಬಿಡು

ನಮ್ಮ ಮನೆಯಲ್ಲಿ ಕೋವಿ ಇತ್ತು, ಬೇಟೆ ಇರಲಿಲ್ಲ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಲೆಮಾರಿನಿಂದ ಬಂದ ಜಮ್ಮಾ ಹಿಡುವಳಿಯ ಜಮೀನಿರುವ ಮನೆಗಳಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಇದೆ. ಆದರೆ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಅನ್ನುವುದು ಅಜ್ಜನ ಬಾಯಲ್ಲಿ ಕಥೆಯಾಗಿ ಉಳಿಯಿತು. ಪ್ರಾಣಿಗೆ ಕಾಯುತ್ತ ಮರಸು ಕೂತದ್ದು, ಒಂದೇ ಈಡಿಗೆ ಹಂದಿ ಉರುಳಿದ್ದು, ಪಾಲು ಹಂಚುವಾಗ ಜಗಳ ಆದದ್ದು. ನಾನು ಗುಂಡು ಹೊಡೆದದ್ದು ನಮ್ಮ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಮಾತ್ರ. ಅದೂ ಹೆಚ್ಚಿನ ಸಲ ತಪ್ಪಿದೆ.

ಹಾಗಿದ್ದವನು ನಲವತ್ತಾರನೇ ವಯಸ್ಸಿನಲ್ಲಿ ಮೊದಲ ಸಲ ಬೇಟೆಗೆ ಹೋದದ್ದು ಕೆನಡಾದ ಉತ್ತರದ ನುನಾವುಟ್ ಪ್ರದೇಶಕ್ಕೆ. ಹಡ್ಸನ್ ಕೊಲ್ಲಿಯ ಪಶ್ಚಿಮ ದಂಡೆಯಲ್ಲಿ ಆರ್ವಿಯಾತ್ ಅಂತ ಒಂದು ಊರಿದೆ. ಸುಮಾರು 2,900 ಜನ, ಹೆಚ್ಚಿನವರು ಅಲ್ಲಿನ ಮೂಲನಿವಾಸಿ ಇನುಯಿಟ್. ನಕ್ಷೆಯಲ್ಲಿ ನೋಡಿದರೆ ಇದು ಆರ್ಕ್ಟಿಕ್ ವೃತ್ತಕ್ಕಿಂತ ಕೆಳಗೇ ಇದೆ, 61 ಡಿಗ್ರಿಯಲ್ಲಿ. ಆದರೆ ಮರಗಳು ಅದಕ್ಕೂ ಕೆಳಗೇ ನಿಂತುಹೋಗಿವೆ. ಕೆನಡಾದ್ದೇ ವಿನ್ನಿಪೆಗ್ ನಗರದಲ್ಲಿ ಹದಿನೈದು ವರ್ಷದಿಂದ ಇರುವ ನನಗೆ ಚಳಿ ಹೊಸತಲ್ಲ. ಮರವೇ ಇಲ್ಲದ ನೆಲ ಮಾತ್ರ ಹೊಸತು.

ಬೇಟೆ ಕ್ಯಾರಿಬೂದು. ಹಿಮಸಾರಂಗ ಅಂದರೆ ನಿಮಗೆ ಗೊತ್ತಾಗಬಹುದು. ಯುರೋಪಿನಲ್ಲಿ ಜಾರುಬಂಡಿ ಎಳೆಯುವ ರೇನ್‌ಡೀರ್ ಇದೇ ಜಾತಿ. ಇಲ್ಲಿನದು ಪೂರ್ತಿ ಕಾಡುಪ್ರಾಣಿ. ಇನುಯಿಟ್ ಜನ 'ತುಕ್ತು' ಅನ್ನುತ್ತಾರೆ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ತಿಂದದ್ದು ಕಾಗದಪತ್ರ. ಕೆನಡಾದಲ್ಲಿ ಕೋವಿ ಇಟ್ಟುಕೊಳ್ಳಲು ಮೊದಲು ಸುರಕ್ಷತಾ ಕೋರ್ಸ್ ಮಾಡಬೇಕು, ಪರೀಕ್ಷೆ ಪಾಸಾಗಬೇಕು, ಆಮೇಲೆ ಅರ್ಜಿ. ಮೊದಲ ಸಲದವರಿಗೆ ಕನಿಷ್ಠ 28 ದಿನ ಕಾಯುವುದು ಕಡ್ಡಾಯ. ನನಗೆ ಕೋರ್ಸಿನಿಂದ ಹಿಡಿದು ಕಾರ್ಡು ಕೈಗೆ ಬರುವವರೆಗೆ ಐದು ತಿಂಗಳಾಯಿತು. ಅರ್ಜಿಯಲ್ಲಿ ಹೆಂಡತಿಯ ಸಹಿಗೂ ಜಾಗ ಇದೆ. ಅವಳು ಪೆನ್ನು ಹಿಡಿದುಕೊಂಡು, "ಊರಲ್ಲಿ ಒಂದು ಕೋವಿ ತುಕ್ಕು ಹಿಡೀತಾ ಇದೆಯಲ್ಲ, ಇಲ್ಲೂ ಒಂದು ಬೇಕಾ?" ಅಂದಳು. ಸಹಿ ಹಾಕಲು ಎರಡು ದಿನ ಸತಾಯಿಸಿದಳು. ನನಗೇನೋ ಆ ನಿಯಮ ಸರಿ ಅನಿಸಿತು.

ಹೊರಗಿನವರು ನುನಾವುಟ್‌ನಲ್ಲಿ ಒಬ್ಬರೇ ಹೋಗಿ ಕ್ಯಾರಿಬೂ ಹೊಡೆಯುವಂತಿಲ್ಲ. ಗೈಡ್ ಇರಲೇಬೇಕು. ಕೆನಡಾದ ಪ್ರಜೆಯೇ ಆಗಿದ್ದರೂ ಬೇರೆ ಪ್ರಾಂತ್ಯದವನಾದರೆ ಹೊರಗಿನವನೇ. ಎಲ್ಲಾ ಕಡೆ ಬೇಟೆಗೆ ಬಿಡುತ್ತಾರೆ ಅಂತಲೂ ಇಲ್ಲ. ಕ್ವಿಬೆಕ್‌ನ ಉತ್ತರದಲ್ಲಿ 2018ರಿಂದ ಹೊರಗಿನವರ ಕ್ಯಾರಿಬೂ ಬೇಟೆ ಬಂದ್ ಆಗಿದೆ. ಉತ್ತರದಲ್ಲಿ ಬಾಥರ್ಸ್ಟ್ ಅನ್ನುವ ಕ್ಯಾರಿಬೂ ಹಿಂಡು 1986ರಲ್ಲಿ ನಾಲ್ಕೂವರೆ ಲಕ್ಷ ದಾಟಿತ್ತು, ಈಗ ಹತ್ತು ಸಾವಿರವೂ ಇಲ್ಲ. ಆರ್ವಿಯಾತ್ ಕಡೆ ಓಡಾಡುವುದು ಕಮನಿರ್ಜುಆಕ್ ಹಿಂಡು. ಅದೂ 1994ರಲ್ಲಿ ಐದು ಲಕ್ಷದ ಹತ್ತಿರ ಇದ್ದದ್ದು, 2017ರ ಎಣಿಕೆಗೆ ಮೂರು ಲಕ್ಷಕ್ಕಿಂತ ಕಡಿಮೆಯಾಗಿತ್ತು. ಇದನ್ನು ಓದಿಕೊಂಡ ಮೇಲೆ ಹೋಗುವುದಾ ಬೇಡವಾ ಅಂತ ಒಂದು ವಾರ ಯೋಚಿಸಿದೆ. ಒಂದೇ ಪ್ರಾಣಿ, ಮಾಂಸ ಒಂದು ಚೂರೂ ಬಿಡುವುದಿಲ್ಲ ಅಂತ ನನಗೆ ನಾನೇ ಹೇಳಿಕೊಂಡು ಒಪ್ಪಿಕೊಂಡೆ. ಇದು ಸಮಜಾಯಿಷಿ ಅಂತ ಯಾರಾದರೂ ಅಂದರೆ ವಾದ ಮಾಡುವುದಿಲ್ಲ.

ಖರ್ಚು ವಿಮಾನವೂ ಸೇರಿ ಒಂಬತ್ತು ಸಾವಿರ ಕೆನಡಾ ಡಾಲರಿನ ಹತ್ತಿರ ಬಂತು. ಹೊರಗಿನಿಂದ ನುನಾವುಟ್‌ಗೆ ರಸ್ತೆಯೇ ಇಲ್ಲ, ವಿಮಾನ ಬಿಟ್ಟರೆ ಬೇಸಿಗೆಯ ಹಡಗು. ಹಾಗಾಗಿ ಎಲ್ಲಕ್ಕೂ ದುಡ್ಡು.

ಗೈಡ್ ಜೊತೆ ಫೋನಿನಲ್ಲಿ ಮಾತಾಡುವಾಗ ಕೊಂಬಿನ ಅಳತೆ ಬಗ್ಗೆ ನಾನೇ ಮೊದಲು ಕೇಳಿದೆ. ಕೇಳಬೇಕು ಅಂತ ಎಲ್ಲೋ ಓದಿದ್ದೆ. ಆತ ಅದಕ್ಕೆ ಉತ್ತರ ಕೊಡದೆ, "ರಬ್ಬರ್ ಬೂಟು ಇದೆಯಾ?" ಅಂದ. ಇದೆ ಅಂದೆ. ಇರಲಿಲ್ಲ. ನೀರು ಹೋಗದ ಚರ್ಮದ ಬೂಟು ಅಂತ ಮುನ್ನೂರೈವತ್ತು ಡಾಲರ್ ಕೊಟ್ಟು ಕೊಂಡಿದ್ದೆ, ಅದೇ ಸಾಕು ಅಂದುಕೊಂಡೆ. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಎರಡೂ ಬೂಟಿನ ಒಳಗೇ ಕೆರೆ. ಟಂಡ್ರಾದ ನೆಲ ದೂರಕ್ಕೆ ಗಟ್ಟಿಯಾಗಿ ಕಾಣುತ್ತದೆ. ಕಾಲಿಟ್ಟರೆ ನಾಟಿಗೆ ಹದ ಮಾಡಿದ ಗದ್ದೆಯ ಹಾಗೆ. ಮಧ್ಯೆ ಮಧ್ಯೆ ಹುಲ್ಲಿನ ಗುಪ್ಪೆಗಳು, ಮೇಲೆ ಕಾಲಿಟ್ಟರೆ ವಾಲುತ್ತವೆ. ಗೈಡ್ ಏನೂ ಹೇಳಲಿಲ್ಲ. ತನ್ನ ತಮ್ಮನ ಹಳೆಯ ಗಂಬೂಟು ತಂದು ಬಾಗಿಲ ಹತ್ತಿರ ಇಟ್ಟ.

ವಿಮಾನದಲ್ಲಿ ಕೋವಿಯನ್ನು ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ ಇಡಬೇಕು, ಟ್ರಿಗರಿಗೂ ಬೀಗ. ತೋಟೆಗಳು ಬೇರೆ, 5 ಕೆಜಿ ಮೀರುವಂತಿಲ್ಲ. ವಿನ್ನಿಪೆಗ್‌ನಲ್ಲಿ ನನ್ನ .308 ರೈಫಲನ್ನು 100 ಮೀಟರಿಗೆ ಸರಿಯಾಗಿ ಕೂರಿಸಿಕೊಂಡು ಹೋಗಿದ್ದೆ. ಕ್ಯಾಂಪಿನಲ್ಲಿ ಗೈಡ್ ಒಂದು ರಟ್ಟಿನ ಡಬ್ಬಿ ನಿಲ್ಲಿಸಿ ಹೊಡೆ ಅಂದ. ಮೂರು ಗುಂಡೂ ಒಂದು ಗೇಣು ಎಡಕ್ಕೆ ಬಿದ್ದವು. ದಾರಿಯಲ್ಲಿ ಎಲ್ಲೋ ಪೆಟ್ಟಿಗೆ ಬಿದ್ದಿರಬೇಕು, ಸ್ಕೋಪ್ ಅಲುಗಿತ್ತು. ಸರಿಮಾಡಲು ಏಳು ತೋಟೆ ಖರ್ಚಾಯಿತು. ಅವತ್ತು ಆ ಡಬ್ಬಿಗೆ ಹೊಡೆಯದೆ ನೇರ ಪ್ರಾಣಿಗೇ ಹೊಡೆದಿದ್ದರೆ? ಗಾಯವಾಗಿ ಓಡಿಹೋಗುತ್ತಿತ್ತು. ನೀವು ಎಂಥಾ ಬೇಟೆಗೇ ಹೋಗಿ, ತಲುಪಿದ ಜಾಗದಲ್ಲಿ ಮತ್ತೆ ಪರೀಕ್ಷೆ ಮಾಡಿಕೊಳ್ಳಿ.

ಕ್ಯಾಂಪ್ ಅಂದರೆ ಕೆರೆ ದಂಡೆಯಲ್ಲಿ ಪ್ಲೈವುಡ್ಡಿನ ಒಂದು ಕೋಣೆ, ಒಂದು ಸ್ಟವ್, ನಾಲ್ಕು ಮಲಗುವ ಹಲಗೆ. ಊರಿನಿಂದ ಅಲ್ಲಿಗೆ ನಾಲ್ಕು ಚಕ್ರದ ಬೈಕಿನಲ್ಲಿ ಹೋಗಬೇಕು. ಯಾವ ಕಂಪನಿಯ ಗಾಡಿಯಾದರೂ ಅಲ್ಲಿ ಅದರ ಹೆಸರು ಹೊಂಡಾ. ಕರಾವಳಿಯಲ್ಲಿ ಹಿಮಕರಡಿ ಓಡಾಡುವುದರಿಂದ ರಾತ್ರಿ ಮೂತ್ರಕ್ಕೆ ಹೋಗುವಾಗಲೂ ಒಬ್ಬರು ಟಾರ್ಚ್ ಹಿಡಿದು ಬಾಗಿಲಲ್ಲಿ ನಿಲ್ಲಬೇಕು. ಒಂದೂ ಬರಲಿಲ್ಲ. ಬಂದಿದ್ದರೆ ಈ ಬರಹದ ವಿಷಯವೇ ಬೇರೆ ಆಗುತ್ತಿತ್ತು.

ನಾವು ಹೋದದ್ದು ಸೆಪ್ಟೆಂಬರ್ ಮೊದಲ ವಾರ. ಅದಕ್ಕೆ ಕಾರಣ ಇದೆ. ಬೇಸಿಗೆಯೆಲ್ಲ ಮೇದು ಗಂಡುಗಳ ಬೆನ್ನಲ್ಲಿ ಕೊಬ್ಬು ತುಂಬಿರುತ್ತದೆ. ಸೊಳ್ಳೆ ಕಾಟ ಮುಗಿದಿರುತ್ತದೆ. ಅಕ್ಟೋಬರಿಗೆ ಕಾಯ್ದರೆ ಗಂಡುಗಳು ಬೆದೆಗೆ ಬರುತ್ತವೆ, ಮಾಂಸ ನಾತ ಹೊಡೆಯುತ್ತದೆ, ಕೊಬ್ಬೂ ಕರಗಿರುತ್ತದೆ.

ಮೊದಲ ಮೂರು ದಿನ ಏನೂ ಸಿಗಲಿಲ್ಲ. ಒಂದು ದಿನ ಪೂರ್ತಿ ಮಂಜು, ಕೆರೆಯೇ ಕಾಣಲಿಲ್ಲ. ಉಳಿದೆರಡು ದಿನ ದಿಬ್ಬದ ಮೇಲೆ ಕೂತು ದುರ್ಬೀನಿನಲ್ಲಿ ನೋಡಿದ್ದೇ ನೋಡಿದ್ದು. ಅಲ್ಲಿ ಮರ ಇಲ್ಲದ್ದರಿಂದ ದೂರ ಅಳೆಯಲು ಕಣ್ಣಿಗೆ ಆಸರೆ ಇಲ್ಲ. ಒಂಟಿ ಗಂಡೊಂದು ಕಂಡಾಗ ಇನ್ನೂರು ಮೀಟರ್ ಇರಬಹುದು ಅಂದೆ. ರೇಂಜ್‌ಫೈಂಡರ್ ಹಿಡಿದು ನೋಡಿದರೆ 510. ಕಾಫಿ ತೋಟದಲ್ಲಿ ಬೆಳೆದ ಕಣ್ಣು, ಐವತ್ತು ಗಜಕ್ಕಿಂತ ಆಚೆ ನೋಡಿ ಅಭ್ಯಾಸ ಎಲ್ಲಿದೆ?

ಕಾಯುವಾಗ ಗೈಡ್ ಜಾಸ್ತಿ ಮಾತಾಡುತ್ತಿರಲಿಲ್ಲ. ಬ್ಯಾನಕ್ ಅಂತ ದಪ್ಪ ರೊಟ್ಟಿ, ಕಡು ಚಹಾ, ಮತ್ತೆ ದುರ್ಬೀನು. ಒಮ್ಮೆ ಮಾತ್ರ ಪಶ್ಚಿಮಕ್ಕೆ ಕೈ ತೋರಿಸಿ, ತನ್ನ ಅಜ್ಜಿ ಆ ಕಡೆಯವಳು ಅಂದ. ಎನ್ನಡಾಯ್ ಕೆರೆಯ ಸುತ್ತ ಇದ್ದ ಅಹಿಯಾರ್ಮಿಯುಟ್ ಜನ. ಸಮುದ್ರದ ಸೀಲ್ ಅಲ್ಲ, ಕ್ಯಾರಿಬೂ ಒಂದನ್ನೇ ನಂಬಿ ಬದುಕಿದವರು. 1950ರ ದಶಕದಲ್ಲಿ ಸರ್ಕಾರ ಅವರನ್ನು ಕೇಳದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಎತ್ತಿ ಹಾಕಿತು. ಬಿಟ್ಟ ಜಾಗದಲ್ಲಿ ಪ್ರಾಣಿ ಇಲ್ಲದೆ ಹಸಿವಿನಿಂದ ಸತ್ತವರಿದ್ದಾರೆ. 2019ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಮಂತ್ರಿ ಆರ್ವಿಯಾತ್‌ಗೇ ಬಂದು ಕ್ಷಮೆ ಕೇಳಿದರು. ಇಷ್ಟನ್ನು ಹೇಳಿ ಆತ ಚಹಾ ಗಸಿಯನ್ನು ಕಲ್ಲಿನ ಮೇಲೆ ಚೆಲ್ಲಿದ. ನಾನು ಏನು ಹೇಳಬೇಕೋ ತಿಳಿಯದೆ ಸುಮ್ನೆ ಕೂತೆ.

ಸೆಪ್ಟೆಂಬರ್ 3ಕ್ಕೆ ಸ್ಯಾಟಲೈಟ್ ಮೆಸೆಂಜರಿನಲ್ಲಿ ತಮ್ಮನ ಸಂದೇಶ ಬಂತು: "ಕೈಲ್ ಮುಹೂರ್ತ ಆಯ್ತು. ಅಜ್ಜನ ಕೋವಿಗೆ ತೋಕ್ ಪೂ ಇಟ್ಟಾಯ್ತು. ನಿನ್ನದಕ್ಕೆ?" ತೋಕ್ ಪೂ ಅಂದರೆ ಆ ದಿನ ಕೋವಿಗೆ ಸಿಕ್ಕಿಸುವ ಹೂ. ಕೋಣೆಯ ಹೊರಗೆ ಇದ್ದದ್ದು ಗೇಣುದ್ದ ಬೆಳೆದ, ಆಗಲೇ ಕೆಂಪಾದ ಗಿಡಗಳು ಮಾತ್ರ. ಒಂದು ಕಡ್ಡಿ ಕಿತ್ತು ನಳಿಗೆಗೆ ಸಿಕ್ಕಿಸಿದೆ. ಗೈಡ್ ನೋಡಿದ. "ಒಳಗೆ ಕಸ ಬಿದ್ದರೆ ಒರೆಸು" ಅಂದ, ಅಷ್ಟೇ.

ಮರುದಿನ ಬೆಳಗ್ಗೆ ಹಿಂಡು ಬಂತು.

ಎರಡು ಕೆರೆಗಳ ನಡುವೆ ಒಂದು ಇಕ್ಕಟ್ಟಿನ ನೆಲ, ಅಲ್ಲೇ ಅವು ದಾಟುತ್ತವೆ ಅಂತ ಗೈಡಿಗೆ ಗೊತ್ತಿತ್ತು. ಗಾಳಿ ಅವುಗಳ ಕಡೆಯಿಂದ ನಮ್ಮ ಕಡೆಗೆ. ಬಂಡೆಯ ಹಿಂದೆ ಬೋರಲು ಮಲಗಿ, ಬ್ಯಾಗಿನ ಮೇಲೆ ರೈಫಲ್ ಇಟ್ಟುಕೊಂಡೆ. ಮೊದಲು ನಾಲ್ಕು ಬಂದವು: ಮೂರು ಹೆಣ್ಣು, ಒಂದು ಸಾಧಾರಣ ಗಂಡು. ಕ್ಯಾರಿಬೂದಲ್ಲಿ ಹೆಣ್ಣಿಗೂ ಕೊಂಬು ಇರುತ್ತದೆ, ಜಿಂಕೆ ಕುಲದಲ್ಲಿ ಬೇರೆ ಯಾವುದಕ್ಕೂ ಹಾಗಿಲ್ಲ. ಗಂಡು 120 ಮೀಟರಿನಲ್ಲಿ ಅಡ್ಡಡ್ಡ ನಿಂತಿತು. ಇದಕ್ಕಿಂತ ಸುಲಭದ ಈಡು ಸಿಗುವುದಿಲ್ಲ. ಸೇಫ್ಟಿ ತೆಗೆದೆ.

ಗೈಡ್ ಕೈ ಚಾಚಿ ನಳಿಗೆಯನ್ನು ನೆಲದ ಕಡೆಗೆ ಒತ್ತಿದ. "ಇವನ್ನು ಬಿಡು. ಇವು ದಾರಿ ತೋರಿಸುವವು."

ಮುಂದಿನವನ್ನು ಹೊಡೆದರೆ, ಬೆದರಿಸಿದರೆ, ಹಿಂದಿನ ಇಡೀ ಹಿಂಡು ದಾರಿ ಬದಲಿಸುತ್ತದೆ. ಆ ವರ್ಷ ಆ ಕಡೆಯ ಮನೆಗಳಿಗೆ ಮಾಂಸ ಇಲ್ಲ. ಹಿರಿಯರು ಹೇಳಿಕೊಟ್ಟ ನಿಯಮವಂತೆ ಇದು. ನಾಲ್ಕೂ ನಮ್ಮ ಮುಂದೆ ನಿಧಾನವಾಗಿ ಹೋದವು. ಆಗ ಒಂದು ಸದ್ದು ಕೇಳಿಸಿತು. ಬೆರಳ ನೆಟಿಕೆ ಮುರಿದ ಹಾಗೆ, ಟಿಕ್ ಟಿಕ್. ಅವು ನಡೆಯುವಾಗ ಪಾದದ ಮೂಳೆಯ ಮೇಲೆ ಸ್ನಾಯುವಿನ ಗಟ್ಟಿ ನಾರು ಜಾರಿ ಬರುವ ಸದ್ದು ಅದು. ನಾಲ್ಕರ ಸದ್ದು ಕರಗುತ್ತಿದ್ದಂತೆ ದಿಬ್ಬದ ಹಿಂದಿನಿಂದ ಅದೇ ಸದ್ದು ಮಳೆ ಹನಿ ಶುರುವಾದ ಹಾಗೆ ಎದ್ದಿತು. ಇನ್ನೂರೋ ಮುನ್ನೂರೋ, ನಾನು ಎಣಿಸಲಿಲ್ಲ. ಅರ್ಧ ಗಂಟೆ ದಾಟುತ್ತಲೇ ಇದ್ದವು. ಕೆಲವು ಗಂಡುಗಳ ಕೊಂಬಿನಿಂದ ಮಖಮಲ್ಲಿನಂಥ ಚರ್ಮ ಹರಿದು ರಕ್ತದ ಬಣ್ಣದಲ್ಲಿ ಜೋತಾಡುತ್ತಿತ್ತು.

ಕೊನೆಯ ಗುಂಪಿನಲ್ಲಿ ಗೈಡ್ ಒಂದನ್ನು ತೋರಿಸಿದ. ಕೊಂಬು ದೊಡ್ಡದೇನಲ್ಲ, ಆದರೆ ಪೃಷ್ಠ ಗುಂಡಗೆ ತುಂಬಿತ್ತು. 170 ಮೀಟರ್. ಭುಜದ ಹಿಂದೆ, ಎದೆಯ ಕೆಳಗಿನ ಮೂರನೇ ಒಂದು ಭಾಗಕ್ಕೆ ಗುರಿ ಇಟ್ಟೆ. ಉಸಿರು ಅರ್ಧ ಬಿಟ್ಟು ಒತ್ತಿದೆ. ಅದು ನಲವತ್ತು ಹೆಜ್ಜೆ ಓಡಿ, ನಿಂತು, ಮುಂಗಾಲು ಮಡಚಿತು. ನನ್ನ ಕೈ ನಡುಗಿದ್ದು ಆಮೇಲೆ. ಖುಷಿ ಅಂತ ಹೇಳಲಾರೆ. ಹತ್ತಿರ ಹೋದಾಗ ಕಣ್ಣು ಇನ್ನೂ ಒದ್ದೆ ಇತ್ತು, ಮೈ ಬಿಸಿ ಇತ್ತು. ಅಜ್ಜನ ಯಾವ ಕಥೆಯಲ್ಲೂ ಈ ಭಾಗ ಇರಲಿಲ್ಲ.

ಇಷ್ಟು ಹೊತ್ತಿನದ್ದು ಸುಲಭದ ಕೆಲಸ. ಮುಂದಿನ ಐದು ಗಂಟೆಗೇ ನಾನು ದುಡ್ಡು ಕೊಟ್ಟದ್ದು ಅಂತ ಈಗ ಅನಿಸುತ್ತದೆ. ಗೈಡ್ ಮೊದಲು ಕಾಲಿನ ಗೆಣ್ಣುಗಳನ್ನು ಒತ್ತಿ ಒತ್ತಿ ನೋಡಿದ. ಊದಿಕೊಂಡಿದ್ದರೆ ಬ್ರುಸೆಲ್ಲಾ ರೋಗ ಇರಬಹುದು, ಮನುಷ್ಯರಿಗೂ ಅಂಟುತ್ತದೆ. ಸರಿ ಇತ್ತು. ನನ್ನ ಕೈಯಲ್ಲಿ ಏಳು ಇಂಚಿನ ಹೊಸ ಚಾಕು, ಆತನ ಕೈಯಲ್ಲಿ ತರಕಾರಿ ಹೆಚ್ಚುವಷ್ಟು ಸಣ್ಣದು. ಆತ ಕುಯ್ಯುವುದಕ್ಕಿಂತ ಜಾಸ್ತಿ ಮುಷ್ಟಿಯಿಂದ ಚರ್ಮ ಬಿಡಿಸಿದ. ಚರ್ಮಕ್ಕೂ ಮಾಂಸಕ್ಕೂ ನಡುವೆ ಮುಷ್ಟಿ ತೂರಿಸಿ ತಳ್ಳಿದರೆ ಹಲಸಿನ ತೊಳೆ ಬಿಡಿಸಿದ ಹಾಗೆ ಬರುತ್ತದೆ. ಮಾಂಸಕ್ಕೆ ಕೂದಲು ತಾಗಬಾರದು ಅಂತ ಹೇಳಿದ. ಅದರ ಕೂದಲು ಒಳಗೆ ಟೊಳ್ಳು, ಚಳಿ ತಡೆಯಲು. ಒದ್ದೆ ಕೈಗೆ ಅಂಟಿದರೆ ಬಿಡುವುದೇ ಇಲ್ಲ. ನಾನು ಬಿಡಿಸಿದ ಕಡೆಯೆಲ್ಲ ಕೂದಲು.

ಬೆನ್ನಿನ ಮೇಲೆ ಬಿಳಿ ಕೊಬ್ಬಿನ ಹಾಳೆ ಇತ್ತು, ಎರಡು ಬೆರಳು ದಪ್ಪ. ಅದನ್ನು ಹರಿಯದಂತೆ ಇಡಿಯಾಗಿ ತೆಗೆದು ಬೇರೆ ಚೀಲಕ್ಕೆ ಹಾಕಿದ. ತೊಡೆ, ಮುಂಗಾಲು, ಪಕ್ಕೆಲುಬು, ಕತ್ತು, ನಾಲಿಗೆ, ಹೃದಯ. ಮಾಂಸಕ್ಕೆ ಗಾಳಿ ಆಡಲಿ ಅಂತ ಹತ್ತಿ ಬಟ್ಟೆಯ ಚೀಲ, ಪ್ಲಾಸ್ಟಿಕ್ ಬೇಡವೇ ಬೇಡ. ಹೊಂಡಾ ನಿಲ್ಲಿಸಿದ ಕಡೆಗೆ ಒಂದು ಕಿಲೋಮೀಟರೂ ಇರಲಿಲ್ಲ. ಆದರೆ ಹಿಂದಿನ ತೊಡೆಯೊಂದನ್ನು ಬೆನ್ನಿಗೆ ಹಾಕಿಕೊಂಡು ಆ ಗುಪ್ಪೆಗಳ ಮೇಲೆ ನಡೆದು ನೋಡಿ. ಮೂರು ಸಲ ಬಿದ್ದೆ. ಹೋಗುವ ಮುಂಚೆ ಮೂರು ತಿಂಗಳು ಗುರಿ ಅಭ್ಯಾಸ ಮಾಡಿದ್ದೆ. ಅದರ ಬದಲು ಇಪ್ಪತ್ತು ಕೆಜಿ ಅಕ್ಕಿ ಮೂಟೆ ಹೊತ್ತು ಮೆಟ್ಟಿಲು ಹತ್ತಿ ಇಳಿದಿದ್ದರೆ ಚೆನ್ನಾಗಿತ್ತು.

ರಾತ್ರಿ ನಾಲಿಗೆ ಮತ್ತು ಪಕ್ಕೆಲುಬನ್ನು ಕೆರೆ ನೀರಿನಲ್ಲಿ ಉಪ್ಪು ಹಾಕಿ ಬೇಯಿಸಿದ. ಮಸಾಲೆ ಡಬ್ಬಿ ಬ್ಯಾಗಿನಲ್ಲಿತ್ತು, ತೆಗೆಯಬೇಕು ಅನಿಸಲಿಲ್ಲ. ಹೊರಗೆ ಧ್ರುವಪ್ರಭೆಯ ಹಸಿರು ಬೆಳಕು ಆಕಾಶದಲ್ಲಿ ಹರಿದಾಡುತ್ತಿತ್ತು. ಸುಸ್ತಿಗೆ ಐದು ನಿಮಿಷ ನೋಡಿ ಮಲಗಿಬಿಟ್ಟೆ.

ಊರಿಗೆ ಬಂದಾಗ ಗೈಡಿನ ಅತ್ತೆ ಚೀಲಗಳನ್ನು ನೋಡಲು ಹೊರಬಂದರು. ಕೊಂಬನ್ನು ನಾನು ಎತ್ತಿ ತೋರಿಸಿದೆ. ಆ ಕಡೆ ಅವರು ಕಣ್ಣೂ ಹಾಯಿಸಲಿಲ್ಲ. ಎರಡು ಬೆರಳು ಮೇಲೆತ್ತಿ, ಇಷ್ಟು ದಪ್ಪ ಇತ್ತಾ ಅಂತ ಸನ್ನೆಯಲ್ಲೇ ಕೇಳಿದರು. ಕೊಬ್ಬಿನ ಚೀಲ ಕೊಟ್ಟೆ. ಆಮೇಲೆ ಅರ್ಧಚಂದ್ರದ ಹಾಗಿರುವ 'ಉಲು' ಕತ್ತಿ ತಂದು, ನನಗೆ ಎರಡು ಗಂಟೆ ಹಿಡಿಯುತ್ತಿದ್ದ ಕೆಲಸವನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸಿದರು. ಒಂದು ಮುಂಗಾಲು ಪಕ್ಕದ ಮನೆಗೆ, ಹೃದಯ ಒಬ್ಬ ಮುದುಕರಿಗೆ, ಕತ್ತು ಇನ್ಯಾರಿಗೋ ಹೋಯಿತು. ಅಜ್ಜ ಹೇಳುತ್ತಿದ್ದ ಪಾಲು ಹಂಚುವ ಜಗಳ ಇಲ್ಲಿ ಆಗಲಿಲ್ಲ ಅನ್ನುವುದೊಂದೇ ವ್ಯತ್ಯಾಸ. ನಾನು ಇಪ್ಪತ್ತೆರಡು ಕೆಜಿ ಇಟ್ಟುಕೊಂಡೆ. ನುನಾವುಟ್‌ನಿಂದ ಮಾಂಸ ಹೊರಗೆ ಒಯ್ಯಲು ಪರ್ಮಿಟ್ ಬೇಕು, ಅದನ್ನು ಗೈಡೇ ಮಾಡಿಸಿಕೊಟ್ಟ. ಮಂಜಿನಿಂದ ವಿಮಾನ ಎರಡು ದಿನ ತಡವಾಯಿತು, ಅಷ್ಟು ದಿನ ಮಾಂಸ ಅವರ ಫ್ರೀಜರಿನಲ್ಲೇ ಇತ್ತು. ಕೊಂಬು ಸಾಗಿಸುವ ಖರ್ಚು ಕೇಳಿ ಅಲ್ಲೇ ಬಿಟ್ಟು ಬಂದೆ. ಗೈಡ್ ಅದನ್ನು ಶೆಡ್ಡಿನ ಮಾಡಿನ ಮೇಲೆ, ಬೇರೆ ಹತ್ತಾರು ಕೊಂಬುಗಳ ಜೊತೆ ಎಸೆದ.

ಮನೆಯಲ್ಲಿ ಮೊದಲ ಸಲ ಮಾಡಿದಾಗ ಕೆಟ್ಟಿತು. ಹಂದಿ ಮಾಂಸದ ಲೆಕ್ಕದಲ್ಲಿ ಬೇಯಿಸಿದೆ. ಕ್ಯಾರಿಬೂ ಮಾಂಸದ ಒಳಗೆ ಕೊಬ್ಬು ಇರುವುದಿಲ್ಲ, ಚಪ್ಪಲಿ ಅಗಿದ ಹಾಗಾಯಿತು. ಎರಡನೇ ಸಲ ತೆಳ್ಳಗೆ ಹೆಚ್ಚಿ, ಸ್ವಲ್ಪ ಹಂದಿ ಕೊಬ್ಬು ಸೇರಿಸಿ, ಕರಿಮೆಣಸು ಜಾಸ್ತಿ ಹಾಕಿ, ದೊಡ್ಡ ಉರಿಯಲ್ಲಿ ಬೇಗ ಹುರಿದು, ಇಳಿಸುವಾಗ ಕೊಡಗಿನ ಕಪ್ಪು ಹುಳಿರಸ ಕಾಚಂಪುಳಿ ಬಿಟ್ಟೆ. ಸಹಿ ಹಾಕಲು ಸತಾಯಿಸಿದವಳು ಎರಡು ಸಲ ಬಡಿಸಿಕೊಂಡಳು.

ಫ್ರೀಜರಿನಲ್ಲಿ ಈಗ ಎರಡು ಪ್ಯಾಕೆಟ್ ಉಳಿದಿವೆ. ಕಾಚಂಪುಳಿ ಖಾಲಿ. ಡಿಸೆಂಬರಿನಲ್ಲಿ ಊರಿಂದ ಚಿಕ್ಕಪ್ಪ ಬರುತ್ತಿದ್ದಾರೆ, ಒಂದು ಬಾಟಲಿ ತರಲು ಹೇಳಿದ್ದೇನೆ.