ಹೈಬ್ರಿಡ್ ಟ್ರಕ್ಕಿಗೆ ರೀಕಾಲ್ ಇದೆಯೇ? ಪತ್ತೆ ಮಾಡುವುದು ಹೀಗೆ

ಅಮೆರಿಕದವರು ಟ್ರಕ್ ಎಂದರೆ ನಮ್ಮ ಲಾರಿಯನ್ನೇ ಕಲ್ಪಿಸಿಕೊಳ್ಳಬೇಕಿಲ್ಲ. ಹಿಂದೆ ತೆರೆದ ತೊಟ್ಟಿ ಇರುವ ಪಿಕಪ್ ಕೂಡ ಅಲ್ಲಿ ಟ್ರಕ್ಕೇ. ದೋಷ ಕಂಡಾಗ ಕಂಪನಿ ಗಾಡಿಗಳನ್ನು ಕರೆಸಿಕೊಳ್ಳುವ ರೀಕಾಲ್ ಎಂಬ ಮಾತೂ ಹೀಗೆಯೇ ದಾರಿ ತಪ್ಪಿಸುತ್ತದೆ. ಕಂಪನಿ ಗಾಡಿಯನ್ನು ವಾಪಸು ಪಡೆದು ದುಡ್ಡು ಕೊಡುತ್ತದೆ ಎಂದುಕೊಳ್ಳುವವರಿದ್ದಾರೆ. ಬಹುಪಾಲು ಸಲ ಸಿಗುವುದು ಉಚಿತ ರಿಪೇರಿ, ಅಷ್ಟೆ.

ಫೋರ್ಡ್ ಮ್ಯಾವರಿಕ್ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರೂ ಇರುವ ಪಿಕಪ್ಪಿನ ಕತೆ ನೋಡಿ. ಅದರ 2.5 ಲೀಟರ್ ಎಂಜಿನ್ ಒಳಗೇ ಮುರಿದರೆ ಆಯಿಲ್ಲೂ ಪೆಟ್ರೋಲಿನ ಆವಿಯೂ ಹೊರಬಂದು, ಕಾದ ಭಾಗಗಳ ಬಳಿ ಸೇರಿ ಬೆಂಕಿ ಹೊತ್ತಿಕೊಳ್ಳುವ ಅಪಾಯವಿತ್ತು. 2022ರ ಜುಲೈನಲ್ಲಿ ಅದೇ ಕಂಪನಿಯ ಎಸ್ಕೇಪ್, ಲಿಂಕನ್ ಕಾರ್ಸೇರ್ ಗಾಡಿಗಳೂ ಸೇರಿ ಒಂದು ಲಕ್ಷದಷ್ಟು ವಾಹನಗಳಿಗೆ ರೀಕಾಲ್ ಬಂತು. ಆಗಿನ ಪರಿಹಾರ ಏನು ಗೊತ್ತೇ? ಗಾಡಿಯ ಮುಂದಿನ ಜಾಲರಿ, ಅಂದರೆ ಗ್ರಿಲ್ ಹಿಂದಿನ ಷಟರಿನ ಕೆಲವು ಪಟ್ಟಿಗಳನ್ನು ಕಿತ್ತು, ಎಂಜಿನ್ನಿನ ಅಡಿಯ ಕವಚಕ್ಕೆ ತೂತು ಕೊರೆಯುವುದು! ಗಾಳಿಯಾಡಿದರೆ ಆವಿ ಒಳಗೆ ಸೇರಿಕೊಳ್ಳುವುದಿಲ್ಲ ಎಂಬ ಲೆಕ್ಕಾಚಾರ. ಅದು ಸಾಲದೆ 2023ರಲ್ಲಿ ಮತ್ತೆ ರೀಕಾಲ್ ಮಾಡಬೇಕಾಯಿತು. ಈ ಸಲ ಸುಮಾರು 1.25 ಲಕ್ಷ ವಾಹನಗಳಿಗೆ. ಮೊದಲೇ ತೂತು ಕೊರೆಸಿಕೊಂಡವರೂ ಮತ್ತೆ ಡೀಲರ್ ಬಳಿ ಹೋಗಬೇಕಾಯಿತು. ಆದ್ದರಿಂದ ಒಮ್ಮೆ ರಿಪೇರಿ ಮಾಡಿಸಿದ್ದೇನೆ ಎಂದು ನೆಮ್ಮದಿಯಾಗಿರಬೇಡಿ. ವರ್ಷಕ್ಕೆರಡು ಬಾರಿ ನೋಡಿ.

ನೋಡುವುದು ಹೇಗೆ? ಮೊದಲು ವಾಹನದ ಗುರುತಿನ ಸಂಖ್ಯೆ, ಅಂದರೆ ವಿನ್ ಬೇಕು. ಚಾಲಕನ ಬದಿಯಲ್ಲಿ ಹೊರಗೆ ನಿಂತು ಮುಂದಿನ ಗಾಜಿನ ಕೆಳಮೂಲೆಯನ್ನು ಇಣುಕಿ. ಡ್ಯಾಶ್‌ಬೋರ್ಡಿಗೆ ಅಂಟಿದ ಪುಟ್ಟ ಪಟ್ಟಿಯಲ್ಲಿ 17 ಅಕ್ಷರ, ಅಂಕಿಗಳು ಕಾಣುತ್ತವೆ. ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿ ಓದುವ ಬದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುವುದು ಸುಲಭ. ಓ ಎಂದು ಕಂಡದ್ದು ಸೊನ್ನೆಯೇ, ಐ ಎಂದು ಕಂಡದ್ದು 1ರ ಅಂಕಿಯೇ. ಗೊಂದಲವಾಗದಿರಲೆಂದು ಐ, ಓ, ಕ್ಯೂ ಅಕ್ಷರಗಳನ್ನು ವಿನ್‌ನಲ್ಲಿ ಬಳಸುವುದೇ ಇಲ್ಲ. ಹತ್ತನೆಯ ಸ್ಥಾನದಲ್ಲಿ ಎನ್ ಇದ್ದರೆ 2022ರ ಮಾದರಿ, ಪಿ ಇದ್ದರೆ 2023ರದು.

ಆ ಸಂಖ್ಯೆಯನ್ನು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ ಜಾಲತಾಣದ ರೀಕಾಲ್ ಪುಟದಲ್ಲಿ ಹಾಕಿ. ಇನ್ನೂ ರಿಪೇರಿಯಾಗದ ರೀಕಾಲ್ ಇದ್ದರೆ ಅಲ್ಲೇ ತೋರಿಸುತ್ತದೆ. ಇದಕ್ಕೆ ಶುಲ್ಕವಿಲ್ಲ.

ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳುವ ನಮ್ಮವರು ದುಡ್ಡು ಕೊಡುವ ಮುನ್ನವೇ ಇದನ್ನು ಮಾಡಬೇಕು. ಕಂಪನಿಯ ಪತ್ರ ನೋಂದಣಿಯಲ್ಲಿರುವ ವಿಳಾಸಕ್ಕೆ ಹೋಗುತ್ತದೆ. ಹಳೆಯ ಮಾಲೀಕ ಅದನ್ನು ಕಸದ ಬುಟ್ಟಿಗೆ ಹಾಕಿರಬಹುದು. ರೀಕಾಲ್ ಬಾಕಿ ಇರುವ ಹಳೆಯ ಗಾಡಿ ಮಾರುವುದನ್ನು ಅಲ್ಲಿನ ಫೆಡರಲ್ ಕಾನೂನು ಸಾಮಾನ್ಯವಾಗಿ ತಡೆಯುವುದಿಲ್ಲ. ನನಗಂತೂ ಇದು ಅರ್ಥವಾಗದ ಉದಾರತೆ.

ರೀಕಾಲ್ ಇದೆ ಎಂದಾದರೆ ಅದೇ ಕಂಪನಿಯ ಯಾವುದಾದರೂ ಡೀಲರಿಗೆ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳಿ. ವಾರಂಟಿ ಮುಗಿದಿದ್ದರೂ ದುಡ್ಡು ಕೇಳುವಂತಿಲ್ಲ. ಅದೇ ದೋಷಕ್ಕೆ ಮೊದಲೇ ಕೈಯಿಂದ ಖರ್ಚು ಮಾಡಿದ್ದರೆ ಬಿಲ್ ಹುಡುಕಿಡಿ, ಮರುಪಾವತಿ ಕೇಳಬಹುದು. ಕೆಲವೊಮ್ಮೆ ಪರಿಹಾರ ಸಿದ್ಧವಾಗುವ ಮುನ್ನವೇ ಮೊದಲ ಪತ್ರ ಬಂದು, ಎರಡನೆಯದಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.

ಕಾಯುವ ದಿನಗಳಲ್ಲಿ ಕಿವಿ ಚುರುಕಾಗಿರಲಿ. ಹೈಬ್ರಿಡ್‌ನಲ್ಲಿ ಎಂಜಿನ್ ಕೆಟ್ಟರೂ ವಿದ್ಯುತ್ ಮೋಟಾರ್ ಗಾಡಿಯನ್ನು ಸ್ವಲ್ಪ ದೂರ ಎಳೆಯಬಲ್ಲದು; ಹೇಗೂ ಓಡುತ್ತಿದೆಯಲ್ಲ ಎಂದು ಮುಂದುವರಿಯುವ ಆಸೆ ಹುಟ್ಟುತ್ತದೆ. ಎಂದೂ ಕೇಳದ ಸದ್ದು ಬಂದರೆ, ಎಳೆತ ಕುಗ್ಗಿದರೆ, ಹೊಗೆ ಕಂಡರೆ ರಸ್ತೆ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರೂ ಇಳಿದು ದೂರ ಸರಿಯಿರಿ. ಇನ್ನೊಮ್ಮೆ ಸ್ಟಾರ್ಟ್ ಮಾಡಿ ನೋಡಲು ಹೋಗಬೇಡಿ.