ನಡಿಗೆಯ ನಡುವೆ ಒಂದು ನದಿ: ವಾಂಗನುಯಿಯಲ್ಲಿ ಕನೂ ಹತ್ತುವವರಿಗೆ

ನ್ಯೂಜಿಲೆಂಡಿನ ಟೆ ಅರರೋವಾ ಹಾದಿ ಉತ್ತರ ತುದಿಯ ಕೇಪ್ ರೀಂಗಾದಿಂದ ದಕ್ಷಿಣದ ಬ್ಲಫ್‌ವರೆಗೆ ಸುಮಾರು 3,000 ಕಿ.ಮೀ. ಇದೆ. 2011ರ ಡಿಸೆಂಬರ್‌ನಲ್ಲಿ ತೆರೆದ ಈ ಕಾಲ್ದಾರಿಯಲ್ಲಿ ಒಂದು ಕಡೆ ಕಾಲಿಗೆ ಕೆಲಸವೇ ಇಲ್ಲ. ಟೊಂಗಾರಿರೊ ಬೆಟ್ಟ ದಾಟಿ, ನ್ಯಾಷನಲ್ ಪಾರ್ಕ್ ಅನ್ನುವ ಸಣ್ಣ ಊರಿನಿಂದ ಫಿಶರ್ಸ್ ಟ್ರ್ಯಾಕ್ ಹಿಡಿದು ಕೆಳಗಿಳಿದು ವಕಹೊರೊ ತಲುಪುತ್ತೀರಿ. ಮುಂದಿನ ದಾರಿ ವಾಂಗನುಯಿ ನದಿಯ ಮೇಲೆ, ಕನೂ ಅನ್ನುವ ಉದ್ದನೆಯ ಹುಟ್ಟುದೋಣಿಯಲ್ಲಿ.

ನಾನೂ ನಮ್ಮನೆಯವರೂ ಹ್ಯಾಮಿಲ್ಟನ್‌ನಲ್ಲಿ ಇರುವವರು. ಈ ಹಾದಿಯನ್ನು ರಜೆ ಸಿಕ್ಕಾಗ ತುಂಡು ತುಂಡಾಗಿ ನಡೆಯುತ್ತಿದ್ದೇವೆ. ಊರಿಂದ ಬಂದ ನೆಂಟರು, ಇಲ್ಲಿನ ಕನ್ನಡದ ಗೆಳೆಯರು ಎಲ್ಲರೂ ಕೇಳುವುದು ಈ ನದಿಯ ಬಗ್ಗೆಯೇ. ಎಲ್ಲರಿಗೂ ನಾನು ಮೊದಲು ಹೇಳುವುದು ಒಂದೇ: ನಡೆಯುವವರ ಬುದ್ಧಿಯನ್ನು ದಡದಲ್ಲೇ ಬಿಟ್ಟು ಬನ್ನಿ. ಭಾರ ಕಡಿಮೆ ಇರಬೇಕು, ಬೇಗ ಹೊರಡಬೇಕು, ಇವತ್ತು ಇಷ್ಟು ದೂರ ಮುಗಿಸಲೇಬೇಕು ಅನ್ನುವ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಎಲ್ಲಿಂದ ಹತ್ತಬೇಕು? ಮೇಲೆ ಟೌಮರುನುಯಿಯಿಂದಲೂ ಹೊರಡಬಹುದು. ಅಲ್ಲಿಂದ ವಕಹೊರೊಗೆ ನದಿಯಲ್ಲಿ 57 ಕಿ.ಮೀ. ನೀರು ಬಂಡೆಗಳ ನಡುವೆ ರಭಸದಿಂದ ನುಗ್ಗುವ ಸಣ್ಣ ಸಣ್ಣ ರ‍್ಯಾಪಿಡ್‌ಗಳು ಜಾಸ್ತಿ, ಸುತ್ತ ಹೊಲ ಗದ್ದೆ, ಕುರಿ ಹಿಂಡು. ದೋಣಿ ಪಳಗಿಸಿಕೊಳ್ಳಲು ಒಳ್ಳೆಯ ಜಾಗ. ಆದರೆ ಉತ್ತರದಿಂದ ನಡೆದು ಬರುವವರಿಗೆ ಟೌಮರುನುಯಿ ಮೊದಲು ಸಿಗುತ್ತದೆ, ಟೊಂಗಾರಿರೊ ಆಮೇಲೆ. ಅಲ್ಲೇ ನೀರಿಗಿಳಿದರೆ ಬೆಟ್ಟ ತಪ್ಪಿಹೋಗುತ್ತದೆ, ಇಲ್ಲವೇ ಬೆಟ್ಟ ಮುಗಿಸಿ ವಾಹನದಲ್ಲಿ ಮತ್ತೆ ಹಿಂದೆ ಬರಬೇಕು. ನನ್ನ ಕೇಳಿದರೆ ವಕಹೊರೊ ಸಾಕು. ಅಲ್ಲಿಂದ ಪಿಪಿರಿಕಿಗೆ 88 ಕಿ.ಮೀ., ಆರಾಮಾಗಿ ಮೂರು ದಿನ. ನದಿಯ ಅತಿ ಚೆಂದದ ಭಾಗ ಅದೇ. ಎರಡೂ ಕಡೆ ಎತ್ತರದ ಮಣ್ಣುಕಲ್ಲಿನ ಗೋಡೆ, ಅದರ ತುಂಬ ಜರಿಗಿಡ, ಮೇಲಿಂದ ತೊಟ್ಟಿಕ್ಕುವ ನೀರು.

ಕನೂ ಬಾಡಿಗೆ ಕೊಡುವವರು ದೋಣಿ, ಹುಟ್ಟು, ಲೈಫ್ ಜಾಕೆಟ್, ಸಾಮಾನು ತುಂಬಲು ಪ್ಲಾಸ್ಟಿಕ್ ಡ್ರಮ್ಮು ಎಲ್ಲ ಕೊಡುತ್ತಾರೆ. ವಕಹೊರೊಗೆ ತಂದುಕೊಟ್ಟು, ಮುಗಿಸಿದ ಕಡೆಯಿಂದ ವಾಪಸ್ ಒಯ್ಯುವುದೂ ಅವರೇ. ಒಂಟಿಯಾಗಿ ನಡೆಯುವವರಿಗೆ ಒಂದು ಮಾತು: ಕನೂ ಇಬ್ಬರ ದೋಣಿ, ಒಬ್ಬರಿಗೇ ಕೊಡುವವರು ಕಡಿಮೆ. ಟೊಂಗಾರಿರೊ ದಾಟುವ ಮೊದಲೇ ಜೊತೆಗಾರರನ್ನು ನೋಡಿಟ್ಟುಕೊಳ್ಳಿ. ನಡಿಗೆಯಲ್ಲಿ ವೇಗ ಹೊಂದದಿದ್ದರೆ ಬೇರೆ ಬೇರೆ ನಡೆದುಕೊಳ್ಳಬಹುದು, ದೋಣಿಯಲ್ಲಿ ಅದು ಆಗದ ಮಾತು. ಹಾಗಾಗಿ ಗಟ್ಟಿಮುಟ್ಟಾದವರಿಗಿಂತ ಬೇಗ ಸಿಟ್ಟು ಬರದವರನ್ನು ಆರಿಸಿ. ದಾರಿಯಲ್ಲಿ ರಾತ್ರಿ ತಂಗುವ ಹಟ್‌ಗಳು, ಕ್ಯಾಂಪ್ ಜಾಗಗಳು ಸರ್ಕಾರದ ಸಂರಕ್ಷಣಾ ಇಲಾಖೆಯವು. ಅವನ್ನು ಮೊದಲೇ ಬುಕ್ ಮಾಡಬೇಕು. ಇಲ್ಲೇ ನಡೆಯುವವರಿಗೆ ಸಂಕಟ, ಯಾಕೆಂದರೆ ಯಾವ ದಿನ ನದಿ ಮುಟ್ಟುತ್ತೇವೆ ಅಂತ ತಿಂಗಳ ಮೊದಲೇ ಹೇಳುವುದು ಕಷ್ಟ. ಟೌಮರುನುಯಿಗೆ ಬಂದ ಮೇಲೆ ದಿನ ನಿಶ್ಚಯ ಮಾಡಿ, ನಡುವೆ ಒಂದೆರಡು ದಿನ ಕೈಯಲ್ಲಿ ಇಟ್ಟುಕೊಳ್ಳಿ.

ಆ ಹೆಚ್ಚಿನ ದಿನಗಳು ಮಳೆಗೂ ಬೇಕು. ಮೇಲೆ ಬೆಟ್ಟದಲ್ಲಿ ಜೋರು ಮಳೆಯಾದರೆ ನದಿ ಒಂದೇ ರಾತ್ರಿಯಲ್ಲಿ ಕೆಲವು ಮೀಟರ್ ಏರುತ್ತದೆ. ನೀರು ಒಂದು ಮಟ್ಟ ದಾಟಿದರೆ ಬಾಡಿಗೆಯವರು ದೋಣಿ ಬಿಡುವುದಿಲ್ಲ. ಅವರ ಜೊತೆ ವಾದ ಮಾಡಬೇಡಿ. ಕೂತು ಚಹಾ ಕುಡಿಯಿರಿ. ಮೊಬೈಲ್ ಸಿಗ್ನಲ್ ಅಲ್ಲಿ ಸಿಗುವುದಿಲ್ಲ ಅಂತಲೇ ಲೆಕ್ಕ ಇಟ್ಟುಕೊಳ್ಳಿ, ತುರ್ತಿಗೆ ಸಂದೇಶ ಕಳಿಸುವ ಬೀಕನ್ ಒಂದು ಮೈಮೇಲೇ ಇರಲಿ.

ಈಗ ಸಾಮಾನು. ವಾರಗಟ್ಟಲೆ ಒಣ ನೂಡಲ್ಸ್ ತಿಂದು ಬಂದವರಿಗೆ ಇದು ಹಬ್ಬ. ಭಾರವನ್ನು ದೋಣಿಯೇ ಹೊರುವಾಗ ನಿಮ್ಮ ಬೆನ್ನಿಗೇನು ನೋವು? ಈರುಳ್ಳಿ, ಆಲೂಗಡ್ಡೆ, ಕ್ಯಾರೆಟ್, ಮೊಟ್ಟೆ, ಒಂದು ಡಬ್ಬಿ ಮೊಸರು, ಉಪ್ಪಿನಕಾಯಿ, ಎಲ್ಲ ಹಾಕಿ. ನಾವು ಸಣ್ಣ ಕುಕ್ಕರನ್ನೇ ಒಯ್ದಿದ್ದೆವು. ಮೊದಲ ರಾತ್ರಿ ತಂಗಿದ ಜಾನ್ ಕೂಲ್ ಹಟ್‌ನಲ್ಲಿ ಅದು ಮೂರನೇ ಸಲ ಕೂಗುವಷ್ಟರಲ್ಲಿ ಜರ್ಮನಿಯ ಇಬ್ಬರು ಹುಡುಗರು ಎದ್ದು ಹೊರಗೆ ಹೋಗಿ ನಿಂತಿದ್ದರು. ಬಿಸಿಬೇಳೆಬಾತಿನ ವಾಸನೆ ಬಂದ ಮೇಲೆ ತಟ್ಟೆ ಹಿಡಿದು ಒಳಗೆ ಬಂದರು.

ಆದರೆ ತುಂಬುವುದಕ್ಕೆ ಒಂದು ಕ್ರಮ ಉಂಟು. ದೊಡ್ಡ ಬೆನ್ನುಚೀಲ ಡ್ರಮ್ಮಿಗೆ ಹಿಡಿಯುವುದಿಲ್ಲ. ಅದನ್ನು ಪೂರ್ತಿ ಖಾಲಿ ಮಾಡಿ, ಬಟ್ಟೆ, ಮಲಗುವ ಚೀಲ, ಊಟ ಬೇರೆ ಬೇರೆ ಡ್ರಮ್ಮಿಗೆ ಹಾಕಿ. ಖಾಲಿ ಚೀಲವನ್ನು ಮಡಚಿ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಟ್ಟಿ. ನಡೆಯುವ ಬೂಟು ಒಣಗಿದ್ದು ಡ್ರಮ್ಮಿನ ಒಳಗೇ ಇರಲಿ, ಕಾಲಿಗೆ ಹಿಂದೆ ಪಟ್ಟಿ ಇರುವ ಹಳೆ ಸ್ಯಾಂಡಲ್ ಸಾಕು. ಮುಚ್ಚಳ ಹಾಕಿದ ಮೇಲೆ ಅಂಚಿನ ಸುತ್ತ ಒಮ್ಮೆ ಬೆರಳಾಡಿಸಿ ನೋಡಿ. ಒಂದು ದಾರದ ಎಳೆ, ಪ್ಲಾಸ್ಟಿಕ್ ಚೀಲದ ಒಂದು ಮೂಲೆ ಸಿಕ್ಕಿಕೊಂಡಿದ್ದರೂ ನೀರು ಒಳಗೆ ಬರುತ್ತದೆ. ಭಾರದ ಡ್ರಮ್ಮು ನಡುವಿನ ತಗ್ಗಿನಲ್ಲಿ, ಹಗುರದ್ದು ತುದಿಯಲ್ಲಿ. ದೋಣಿ ನೀರಿನ ಮೇಲೆ ಮಟ್ಟಸವಾಗಿ ಕೂರಬೇಕು, ಮೂಗು ಒಂಚೂರು ಮೇಲಿದ್ದರೂ ಸರಿ, ಮುಳುಗಿರಬಾರದು. ಆಮೇಲೆ ಎಲ್ಲವನ್ನೂ ದೋಣಿಗೆ ಕಟ್ಟಿ. ವಾಕಿಂಗ್ ಕೋಲು, ನೀರಿನ ಬಾಟಲಿ, ಟೋಪಿ, ಕನ್ನಡಕ ಕೂಡ. ಕಟ್ಟದೆ ಬಿಟ್ಟದ್ದು ನದಿಯದು ಅಂತ ತಿಳಿಯಿರಿ.

ಹುಟ್ಟು ಹಾಕುವುದು ಕಷ್ಟದ ವಿದ್ಯೆಯಲ್ಲ, ಆದರೆ ಹಿಂದೆ ಕೂತವರ ಕೈಯಲ್ಲಿ ಎಲ್ಲ ಇದೆ. ಮುಂದಿನವರು ಒಂದೇ ಲಯದಲ್ಲಿ ಎಳೆಯುತ್ತಾ ಬಂಡೆ ನೋಡಿ ಹೇಳಬೇಕು. ಹಿಂದಿನವರು ಇನ್ನೊಂದು ಬದಿಯಲ್ಲಿ ಎಳೆಯುತ್ತಾ ದಿಕ್ಕು ನೋಡಿಕೊಳ್ಳಬೇಕು. ಹಿಂದೆ ಕೂತು ಬಲಕ್ಕೆ ಹುಟ್ಟು ಹಾಕಿದರೆ ದೋಣಿ ಎಡಕ್ಕೆ ತಿರುಗುತ್ತದೆ. ಅದನ್ನು ನೇರ ಇಡಲು ಹುಟ್ಟನ್ನು ಮುಂದೆ ನೀರಿಗೆ ಚುಚ್ಚಿ, ದೋಣಿಯ ಪಕ್ಕಕ್ಕೇ ಹಿಂದಕ್ಕೆ ಎಳೆಯಿರಿ. ಸೊಂಟ ದಾಟಿದ ಮೇಲೆ ಮೇಲಿನ ಕೈಯ ಹೆಬ್ಬೆರಳು ಕೆಳಗೆ ತಿರುಗುವ ಹಾಗೆ ಮಣಿಕಟ್ಟು ಹೊರಳಿಸಿ, ಅಲಗಿನಿಂದ ನೀರನ್ನು ಸ್ವಲ್ಪ ಹೊರಕ್ಕೆ ತಳ್ಳಿ. ಮೊದಲ ಒಂದು ಗಂಟೆ ದೋಣಿ ಹಾವಿನ ಹಾಗೆ ಹೋಗುತ್ತದೆ. ಆಮೇಲೆ ಕೈಗೆ ತಾನೇ ಗೊತ್ತಾಗುತ್ತದೆ. ತೋಳಿನಲ್ಲಿ ಎಳೆಯಬೇಡಿ, ಬೆನ್ನು ತಿರುಗಿಸಿ ಎಳೆಯಿರಿ, ಇಲ್ಲದಿದ್ದರೆ ಸಂಜೆ ಚಮಚ ಎತ್ತಲೂ ಆಗುವುದಿಲ್ಲ.

ಮಾತು ಮೊದಲೇ ಗೊತ್ತು ಮಾಡಿಕೊಳ್ಳಿ. ನಮ್ಮಲ್ಲಿ ನಡೆದದ್ದು ಹೀಗೆ. ಮುಂದೆ ಕೂತ ನಾನು, "ರೀ, ಬಂಡೆ! ಎಡ, ಎಡ!" ಎಂದೆ. ಹಿಂದಿನಿಂದ ಅವರು, "ಎಡಕ್ಕೆ ಬಂಡೆ ಇದೆಯೋ, ಎಡಕ್ಕೆ ಹೋಗಬೇಕೋ, ಸರಿಯಾಗಿ ಹೇಳು ಮಾರಾಯ್ತಿ!" ಎಂದರು. ಅಷ್ಟರಲ್ಲಿ ಬಂಡೆಯೇ ಉತ್ತರ ಕೊಟ್ಟಿತ್ತು. ಆಮೇಲಿಂದ ನಮ್ಮ ನಿಯಮ ಇಷ್ಟೇ: "ಎಡ" ಅಂದರೆ ದೋಣಿ ಎಡಕ್ಕೆ ಹೋಗಬೇಕು. ಬಂಡೆಯ ಸುದ್ದಿ ಹೇಳುವ ಹಾಗಿಲ್ಲ.

ರ‍್ಯಾಪಿಡ್ ಹತ್ತಿರ ಬಂದಾಗ ಮೊದಲು ಸದ್ದು ಕೇಳುತ್ತದೆ, ಆಮೇಲೆ ಬಿಳಿ ನೊರೆ ಕಾಣುತ್ತದೆ. ನೀರಿನ ಮೇಲೆ ಇಂಗ್ಲಿಷಿನ ವಿ ಆಕಾರ ಹುಡುಕಿ. ವಿ ಚೂಪು ತುದಿ ಮುಂದಕ್ಕೆ, ಅಂದರೆ ನದಿ ಹರಿಯುವ ಕಡೆಗೆ ಇದ್ದರೆ ಅದೇ ದಾರಿ, ಅದರ ನಡುವೆಯೇ ಹೋಗಿ. ಚೂಪು ತುದಿ ನಿಮ್ಮ ಕಡೆಗೆ ತಿರುಗಿದ್ದರೆ ಅಲ್ಲಿ ನೀರಿನಡಿ ಬಂಡೆ ಇದೆ. ಒಳಗೆ ನುಗ್ಗುವ ಮುಂಚೆ ಮಂಡಿಯೂರಿ ಕೂತರೆ ದೋಣಿ ಸ್ಥಿರವಾಗುತ್ತದೆ. ಅಲೆ ಕಂಡ ಕೂಡಲೇ ಎಲ್ಲರೂ ಹೆದರಿ ಹುಟ್ಟು ಎತ್ತಿ ಅಂಚು ಹಿಡಿದುಕೊಳ್ಳುತ್ತಾರೆ. ಹಾಗೆ ಮಾಡಿದರೆ ದೋಣಿ ಅಡ್ಡ ತಿರುಗಿ ಮಗುಚುತ್ತದೆ. ಎಳೆಯುತ್ತಲೇ ಇರಿ, ವೇಗ ಇದ್ದರೆ ಮಾತ್ರ ದಿಕ್ಕು ನಿಮ್ಮ ಕೈಯಲ್ಲಿ. ಅಕಸ್ಮಾತ್ ಬಂಡೆಗೆ ಅಡ್ಡಲಾಗಿ ಒತ್ತಿಕೊಂಡಿತೋ, ಮನಸ್ಸು ಬೇಡ ಅಂದರೂ ಬಂಡೆಯ ಕಡೆಗೇ ವಾಲಿ. ಆಚೆ ವಾಲಿದರೆ ನೀರು ಒಳಗೆ ನುಗ್ಗಿ ಬಿಡುತ್ತದೆ.

ಎರಡನೇ ರಾತ್ರಿ ತಂಗುವ ಟಿಯೆಕೆ ಮತ್ತು ಪಿಪಿರಿಕಿ ನಡುವಿನ ಕೊನೆಯ ದಿನದ 21.5 ಕಿ.ಮೀ.ಯಲ್ಲಿ ಙಾಪೊರೊ, ಔಟಪು ಅನ್ನುವ ದೊಡ್ಡ ರ‍್ಯಾಪಿಡ್‌ಗಳಿವೆ. ಔಟಪುವಿಗೆ ಎಲ್ಲರೂ ಫಿಫ್ಟಿ ಫಿಫ್ಟಿ ಅಂತಾರೆ. ಹೋದವರಲ್ಲಿ ಅರ್ಧ ಜನ ಒದ್ದೆ. ಬಿದ್ದರೆ ಗಾಬರಿ ಬೇಡ. ಅಂಗಾತ ಮಲಗಿ, ಕಾಲು ಮುಂದೆ, ನದಿ ಹೋಗುವ ಕಡೆಗೆ ಇರಲಿ. ದೋಣಿಯ ಹಿಂದೆ, ಅಂದರೆ ನೀರು ಬರುವ ಕಡೆ ಇರಿ. ತುಂಬಿದ ದೋಣಿಗೂ ಬಂಡೆಗೂ ನಡುವೆ ಸಿಕ್ಕಿಕೊಳ್ಳಬಾರದು. ಹರಿಯುವ ನೀರಿನಲ್ಲಿ ಎದ್ದು ನಿಲ್ಲಲು ಹೋಗಬೇಡಿ, ಪಾದ ಕಲ್ಲಿನ ಸಂದಿಗೆ ಸಿಕ್ಕಿದರೆ ನೀರು ಮೈಯನ್ನು ಕೆಡವುತ್ತದೆ. ಕೆಳಗೆ ನೀರು ಸುಮ್ನಾಗುವ ಜಾಗ ಬರುತ್ತದೆ, ಅಲ್ಲಿ ದಡ ಸೇರಿ.

ದಡ ಅಂದರೆ ಇಲ್ಲಿ ಪಾಪಾ ಅನ್ನುವ ಮಣ್ಣುಕಲ್ಲು. ಒದ್ದೆಯಾದರೆ ಸೋಪಿನಷ್ಟು ಜಾರುತ್ತದೆ. ಸಂಜೆ ಇಳಿದ ಮೇಲೆ ದೋಣಿಯನ್ನು ಆದಷ್ಟು ಮೇಲಕ್ಕೆ ಎಳೆದು, ಗಟ್ಟಿ ಮರಕ್ಕೆ ಕಟ್ಟಿ. ಆಕಾಶದಲ್ಲಿ ನಕ್ಷತ್ರ ಇದ್ದರೂ ಕಟ್ಟಿ. ಮಳೆ ನಿಮ್ಮ ತಲೆಯ ಮೇಲೇ ಬರಬೇಕೆಂದಿಲ್ಲ, ದೂರದ ಬೆಟ್ಟದಲ್ಲಿ ಬಂದರೂ ನೀರು ಏರುತ್ತದೆ. ನದಿ ನೀರು ಕೆಸರು, ಕುಡಿಯಬೇಡಿ. ಹಟ್‌ಗಳಲ್ಲಿ ಮಳೆನೀರಿನ ಟ್ಯಾಂಕ್ ಇದೆ, ಅದನ್ನೂ ಕುದಿಸಿಯೇ ಕುಡಿಯಿರಿ.

ವಕಹೊರೊದಿಂದ ಜಾನ್ ಕೂಲ್ ಹಟ್ 37.5 ಕಿ.ಮೀ., ಅಲ್ಲಿಂದ ಟಿಯೆಕೆ 29 ಕಿ.ಮೀ. ಈ ಎರಡನೇ ದಿನ ಮಂಗಪುರುವಾ ದಡದಲ್ಲಿ ಇಳಿದು ಕಾಡಿನೊಳಗೆ ಮುಕ್ಕಾಲು ಗಂಟೆಯ ಒಳಗೆ ನಡೆದರೆ "ಎಲ್ಲಿಗೂ ಹೋಗದ ಸೇತುವೆ" ಸಿಗುತ್ತದೆ. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ 1917ರಿಂದ ಈ ಕಣಿವೆಯಲ್ಲಿ ಜಮೀನು ಕೊಟ್ಟರು. ಕಡಿದಾದ ನೆಲ, ಜರಿಯುವ ಮಣ್ಣು, ಕೊಚ್ಚಿಹೋಗುವ ರಸ್ತೆ. ಕಾಂಕ್ರೀಟ್ ಸೇತುವೆ ಮುಗಿದದ್ದು 1936ರಲ್ಲಿ. ಅಷ್ಟರಲ್ಲಿ ಹೆಚ್ಚಿನವರು ಬಿಟ್ಟುಹೋಗಿದ್ದರು, 1942ರ ಹೊತ್ತಿಗೆ ಕಣಿವೆಯೇ ಖಾಲಿ. ಕಾಲಿಗೂ ಸ್ವಲ್ಪ ಕೆಲಸ ಸಿಗುತ್ತದೆ, ತಪ್ಪಿಸಬೇಡಿ. ಜೆಟ್ ಬೋಟ್‌ಗಳೂ ಅಲ್ಲಿಗೇ ಬರುತ್ತವೆ. ಅವುಗಳ ಅಲೆಗೆ ಎದ್ದುಹೋಗದ ಹಾಗೆ ದೋಣಿ ಕಟ್ಟಿ ಹೋಗಿ.

ಟಿಯೆಕೆ ಕಾಯಿಂಗಾ ಹಟ್ಟೂ ಹೌದು, ಇಲ್ಲಿನ ಮೂಲನಿವಾಸಿ ಮಾವೊರಿಗಳು ಕೂಡುವ ಜಾಗವಾದ ಮರಾಯೆಯೂ ಹೌದು. ಅಲ್ಲಿ ಹೋಗುವವರು ಗಿರಾಕಿಗಳಲ್ಲ, ಅತಿಥಿಗಳು. ಮನೆಯವರು ಇದ್ದ ದಿನ ಪೊವ್ಹಿರಿ ಅನ್ನುವ ಸ್ವಾಗತ ಮಾಡುತ್ತಾರೆ. ಕರೆಯುವ ತನಕ ಕೆಳಗೆ ಕಾಯಿರಿ. ಹೆಂಗಸೊಬ್ಬರು ಕೂಗಿ ಕರೆದ ಮೇಲೆ ನಿಧಾನವಾಗಿ ಒಳಗೆ ಹೋಗಿ. ಮಾತಾದ ಮೇಲೆ ಬಂದವರೂ ಒಂದು ಹಾಡು ಹೇಳಬೇಕು. ಎಲ್ಲರೂ ಮುಖ ಮುಖ ನೋಡಿಕೊಳ್ಳುವುದು ಈ ಹೊತ್ತಿನಲ್ಲೇ. ನಿಮ್ಮ ಗುಂಪಿಗೆಲ್ಲ ಬಾಯಿಗೆ ಬರುವ ಒಂದು ಸೋಬಾನೆಯೋ ಭಜನೆಯೋ ಮೊದಲೇ ಗೊತ್ತು ಮಾಡಿಟ್ಟುಕೊಳ್ಳಿ, ಎರಡು ಸಾಲು ಸಾಕು. ಚಪ್ಪಲಿ ಹೊರಗೆ ಬಿಡಿ, ಊಟದ ಮೇಜಿನ ಮೇಲೆ, ದಿಂಬಿನ ಮೇಲೆ ಕೂರಬೇಡಿ. ಮದ್ಯ ಅಲ್ಲಿ ನಡೆಯುವುದಿಲ್ಲ.

ಈ ನದಿಗೆ 2017ರ ಕಾಯ್ದೆಯಲ್ಲಿ ವ್ಯಕ್ತಿಯ ಹಕ್ಕು ಕೊಟ್ಟಿದ್ದಾರೆ. ಅದರ ಪರವಾಗಿ ಮಾತಾಡಲು ಇಬ್ಬರಿದ್ದಾರೆ, ಒಬ್ಬರನ್ನು ನದಿಯ ಬುಡಕಟ್ಟುಗಳವರು, ಇನ್ನೊಬ್ಬರನ್ನು ಸರ್ಕಾರ ಆರಿಸುತ್ತದೆ. ನಮ್ಮ ಕಡೆ ಹೊಳೆಗೆ ಬಾಗಿನ ಬಿಟ್ಟು, ಅದನ್ನು ತಂದ ಪ್ಲಾಸ್ಟಿಕ್ ಕವರನ್ನೂ ಅಲ್ಲೇ ಬಿಟ್ಟು ಬರುತ್ತೇವಲ್ಲ, ಆ ಅಭ್ಯಾಸ ಇಲ್ಲಿ ಬೇಡ. ಸೋಪು ಹಾಕಿ ಪಾತ್ರೆ ತೊಳೆಯುವುದು ನದಿಯಿಂದ ದೂರ, ಕಸ ಡ್ರಮ್ಮಿನಲ್ಲಿ ವಾಪಸ್.

ಪಿಪಿರಿಕಿಯಲ್ಲಿ ಹೆಚ್ಚಿನ ಪ್ರವಾಸಿಗಳು ಇಳಿದುಬಿಡುತ್ತಾರೆ. ಟೆ ಅರರೋವಾದವರು ವಾಂಗನುಯಿ ಪಟ್ಟಣದವರೆಗೂ ಹೋಗಬಹುದು, ಹೆಚ್ಚುಕಡಿಮೆ ಇನ್ನೂ ಅಷ್ಟೇ ದೂರ. ಕನೂ ಬಾಡಿಗೆಗೆ ಕೇಳುವಾಗಲೇ ಇದನ್ನು ಹೇಳಿ. ನದಿ ಅಗಲವಾಗುತ್ತದೆ, ಹರಿವು ಸೋಮಾರಿಯಾಗುತ್ತದೆ, ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಎದುರಿಗೆ ಬೀಸುತ್ತದೆ. ಆದ್ದರಿಂದ ಇಲ್ಲಿ ಬೆಳಗಾಗುವ ಮೊದಲೇ ಹೊರಡಿ. ಕೊನೆಯ ದಿನಕ್ಕೆ ವಾಂಗನುಯಿಯ ಉಬ್ಬರ ಇಳಿತದ ಸಮಯ ಬರೆದಿಟ್ಟುಕೊಳ್ಳಿ. ಉಬ್ಬರದ ಹೊತ್ತಿಗೆ ಹೋದರೆ ನೀರು ನಿಮ್ಮನ್ನು ಹಿಂದಕ್ಕೆ ತಳ್ಳುತ್ತದೆ. ನೀರು ಇಳಿಯಲು ಶುರುವಾದ ಹೊತ್ತಿಗೆ ಕೆಳಭಾಗಕ್ಕೆ ತಲುಪಿದರೆ ಅದೇ ನೀರು ಪಟ್ಟಣಕ್ಕೆ ಎಳೆದೊಯ್ಯುತ್ತದೆ. ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ, ಒಂದು ದಿನ ತಡವಾದರೆ ಲೆಕ್ಕ ಮತ್ತೆ ಹಾಕಿ.

ಪಟ್ಟಣದಲ್ಲಿ ಇಳಿದ ಕೂಡಲೇ ನಡೆಯಲು ಹೊರಡಬೇಡಿ. ಇಷ್ಟು ದಿನ ಒದ್ದೆಯಲ್ಲಿದ್ದ ಪಾದ ಮೆತ್ತಗಾಗಿರುತ್ತದೆ, ಮುಂದಿನ ದಾರಿ ಟಾರು ರಸ್ತೆ, ಆಮೇಲೆ ಕೊಯಿಟಿಯಾಟಾದ ಮರಳು. ಒಂದೇ ಮಧ್ಯಾಹ್ನದಲ್ಲಿ ಬೊಬ್ಬೆ ಏಳುತ್ತದೆ. ಒಂದು ದಿನ ನಿಲ್ಲಿ, ಕಾಲು ಬಿಸಿಲಿಗೆ ಚಾಚಿ ಕೂರಿ, ಹೊಸ ಕಾಲುಚೀಲ ಕೊಳ್ಳಿ. ಉಳಿದ ಈರುಳ್ಳಿ ಆಲೂಗಡ್ಡೆಯನ್ನು ಹಿಂದಿನಿಂದ ಬರುವ ಸೈಕಲ್‌ನವರಿಗೆ ಕೊಟ್ಟುಬಿಡಿ, ನಾಳೆಯಿಂದ ಮತ್ತೆ ಬೆನ್ನೇ ಹೊರಬೇಕು.