ಬಯೋಇನ್ಫರ್ಮ್ಯಾಟಿಕ್ಸ್‌ಗೆ ಬರೋದಾದರೆ ಒಂದು ಯೀಸ್ಟ್ ಹಿಡಿದುಕೊಳ್ಳಿ

ಬಯೋಇನ್ಫರ್ಮ್ಯಾಟಿಕ್ಸ್ ಅಂದರೆ ಜೀವಿಗಳ ಡೇಟಾವನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸೋ ಕೆಲಸ. ಇದಕ್ಕೆ ನಾನು ಬಂದಿದ್ದು ಜೀವಶಾಸ್ತ್ರದ ಕಡೆಯಿಂದ. ಪಿಪೆಟ್ ಹಿಡಿದು ರೂಢಿಯಾದ ಕೈ, ಲಿನಕ್ಸ್‌ನ ಕಪ್ಪು ಪರದೆ ಕಂಡರೆ ನಡುಕ. ಪಕ್ಕದ ಮೇಜಿನವನು ಕಂಪ್ಯೂಟರ್ ಓದಿದವನು. ಅವನಿಗೆ ಜೀನ್ ಅಂದರೆ ಬರೀ ಅಕ್ಷರಗಳ ಸಾಲು. ಇಲ್ಲಿಗೆ ಹೆಚ್ಚಿನವರು ಹೀಗೇ ಅರ್ಧ ಗೊತ್ತಿದ್ದು ಬರುತ್ತಾರೆ. ಹಾಗಾಗಿ ಯಾವ ಡಿಗ್ರಿ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸ್ವಂತ ಸಂಶೋಧನೆ ನಡೆಸೋ ಹುದ್ದೆಗೆ ಸಾಮಾನ್ಯವಾಗಿ ಪಿಎಚ್‌ಡಿ ಕೇಳುತ್ತಾರೆ. ಡೇಟಾ ವಿಶ್ಲೇಷಣೆಯ ಕೆಲಸಕ್ಕೆ ಎಷ್ಟೋ ಕಡೆ ಎಂಎಸ್ಸಿ ಸಾಕು.

ಕೋರ್ಸ್ ಮೇಲೆ ಕೋರ್ಸ್ ಮಾಡುತ್ತಾ ಕೂರಬೇಡಿ. ಯೀಸ್ಟ್ ಮೇಲೆ ಆರ್‌ಎನ್‌ಎ ಸೀಕ್ವೆನ್ಸಿಂಗ್ (ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅಂತ ಆರ್‌ಎನ್‌ಎ ಅಕ್ಷರಗಳನ್ನು ಓದಿ ಅಳೆಯೋದು) ಮಾಡಿರುವ ಒಂದು ಸಂಶೋಧನಾ ಪೇಪರ್ ಹುಡುಕಿ. ಯೀಸ್ಟೇ ಯಾಕೆ? ಮನುಷ್ಯನ ಜೀನೋಮ್ (ಅಂದರೆ ಪೂರ್ತಿ ಡಿಎನ್‌ಎ) ಸುಮಾರು 300 ಕೋಟಿ ಅಕ್ಷರ, ಯೀಸ್ಟಿನದು 1.2 ಕೋಟಿ. ಸಾಧಾರಣ ಲ್ಯಾಪ್‌ಟಾಪ್ ತಡೆದುಕೊಳ್ಳುತ್ತದೆ. ಡೇಟಾ ಸಾಮಾನ್ಯವಾಗಿ ಜಿಇಒ ಅಥವಾ ಎಸ್‌ಆರ್‌ಎ ಅನ್ನೋ ಸಾರ್ವಜನಿಕ ಡೇಟಾ ಭಂಡಾರಗಳಲ್ಲಿ ಪುಕ್ಕಟೆ ಸಿಗುತ್ತದೆ. ಫಾಸ್ಟ್‌ಕ್ಯೂ ಫೈಲ್ (ಯಂತ್ರ ಓದಿದ ತುಣುಕುಗಳು) ಇಳಿಸಿಕೊಳ್ಳಿ, ಗುಣಮಟ್ಟ ನೋಡಿ, ಜೀನೋಮ್‌ಗೆ ಅಲೈನ್ ಮಾಡಿ (ಯಾವ ತುಣುಕು ಎಲ್ಲಿಯದು ಅಂತ ಹೊಂದಿಸಿ), ಜೀನ್‌ವಾರು ಎಣಿಸಿ, ಆರ್ ಅನ್ನೋ ಸ್ಟಾಟಿಸ್ಟಿಕ್ಸ್ ಭಾಷೆಯಲ್ಲಿ ಡಿಇಸೆಕ್2 (ಯಾವ ಜೀನ್ ಹೆಚ್ಚು-ಕಡಿಮೆಯಾಗಿದೆ ಅಂತ ಹೋಲಿಸೋ ಪ್ಯಾಕೇಜ್) ಓಡಿಸಿ. ಪೇಪರಿನಲ್ಲಿರೋ ಗ್ರಾಫೇ ನಿಮಗೂ ಬರಬೇಕು. ಮೊದಲ ಸಲ ಬರೋದಿಲ್ಲ ಬಿಡಿ. ಯಾಕೆ ಬರಲಿಲ್ಲ ಅಂತ ಹುಡುಕುವಾಗಲೇ ಬ್ಯಾಷ್ (ಲಿನಕ್ಸ್‌ಗೆ ಆಜ್ಞೆ ಕೊಡೋ ಭಾಷೆ), ಆರ್, ಸ್ಟಾಟಿಸ್ಟಿಕ್ಸ್ ಎಲ್ಲ ತಲೆಗೆ ಹತ್ತೋದು. ಮಾಡಿದ್ದನ್ನೆಲ್ಲ ಗಿಟ್‌ನಲ್ಲಿ (ಕೋಡಿನ ಪ್ರತಿ ಬದಲಾವಣೆ ದಾಖಲಿಸೋ ಸಾಧನ) ಇಡಿ, ಎಡವಿದ್ದನ್ನೂ ಸೇರಿಸಿ.

ನಾನು ಎಡವಿದ್ದು ಒಂದು ಅಕ್ಷರಕ್ಕೆ. ಮ್ಯುಟೇಶನ್‌ಗಳ ಪಟ್ಟಿ ಇರೋ ವಿಸಿಎಫ್ ಫೈಲ್ ಜೀನೋಮಿನ ಸ್ಥಾನಗಳನ್ನು ಒಂದರಿಂದ ಎಣಿಸುತ್ತದೆ, ಜೀನೋಮಿನ ಜಾಗಗಳನ್ನು ಗುರುತಿಸೋ ಬೆಡ್ ಫೈಲ್ ಸೊನ್ನೆಯಿಂದ. ವಿಸಿಎಫ್‌ನಿಂದ ಬೆಡ್‌ಗೆ ಬದಲಿಸುವಾಗ ಒಂದು ಕಳೆಯೋದು ಮರೆತೆ. ನನ್ನ ಮ್ಯುಟೇಶನ್‌ಗಳೆಲ್ಲ ಒಂದು ಮನೆ ಆಚೆ ಹೋಗಿ ಕೂತವು. ಎಲ್ಲೂ ಎರರ್ ಬರಲಿಲ್ಲ. ಎರಡು ವಾರ ಆದಮೇಲೆ, ‘ಎ’ ಇರಬೇಕಾದ ಜಾಗದಲ್ಲಿ ಜೀನೋಮ್ ‘ಸಿ’ ತೋರಿಸಿದಾಗ ಎದೆ ಧಸಕ್ಕೆಂದಿತು. ಈಗಲೂ ಯಾವ ಫೈಲ್ ಬಂದರೂ ಐದು ಸಾಲು ಕಣ್ಣಾರೆ ನೋಡದೆ ಮುಂದೆ ಹೋಗೋದಿಲ್ಲ.

ಇನ್ನು ಜೀನ್ ಪಟ್ಟಿಯನ್ನು ಸುಮ್ನೆ ಎಕ್ಸೆಲ್‌ನಲ್ಲಿ ತೆರೆಯಬೇಡಿ. ‘ಮಾರ್ಚ್1’ ಅನ್ನೋ ಜೀನನ್ನು ಅದು ದಿನಾಂಕ ಮಾಡಿಬಿಡುತ್ತಿತ್ತು. ಕೊನೆಗೆ ಹೆಸರಿಡುವ ಸಮಿತಿಯೇ ಸೋತು ಜೀನಿನ ಹೆಸರನ್ನು ‘ಮಾರ್ಚ್‌ಎಫ್1’ ಮಾಡಿತು!

ಇಂಟರ್‌ವ್ಯೂನಲ್ಲಿ ನನಗೆ ಕೋಡ್ ಬರೆಸಲಿಲ್ಲ. ‘ರೋಗಿಗಳ ಸ್ಯಾಂಪಲ್ ಎಲ್ಲ ಸೋಮವಾರ ಸೀಕ್ವೆನ್ಸ್ ಆಗಿದೆ, ಆರೋಗ್ಯವಂತರದು ಗುರುವಾರ. ಏನು ಮಾಡ್ತೀರಿ?’ ಅಂತ ಕೇಳಿದರು. ನಾನು ಮೂರು ಸಾಫ್ಟ್‌ವೇರ್ ಹೆಸರು ಹೇಳಿದೆ. ಅವರು ತಲೆ ಅಲ್ಲಾಡಿಸಿದರು. ವ್ಯತ್ಯಾಸ ರೋಗದ್ದೋ ದಿನದ್ದೋ ಅಂತ ಯಾವ ಸಾಫ್ಟ್‌ವೇರೂ ಬಿಡಿಸಿ ಹೇಳಲಾರದು. ಪ್ರತಿ ದಿನವೂ ಎರಡೂ ಗುಂಪಿನ ಸ್ಯಾಂಪಲ್ ಇರೋ ಹಾಗೆ ಮತ್ತೆ ಸೀಕ್ವೆನ್ಸ್ ಮಾಡಿಸಿ ಅನ್ನಬೇಕಿತ್ತು.